ಸಭಾಧ್ಯಕ್ಷನ ಪೀಠ: ಅದರ ಇತಿಹಾಸ ಮತ್ತು ಹೊಣೆ

ಎಲ್ಲಿ ಹತ್ತು ಜನರು ಒಂದುಗೂಡಿ ಒಂದು ಕಾರ್ಯವನ್ನು ಸಾಧಿಸಬೇಕೆಂದು ಬಯಸುವರೋ ಅಲ್ಲಿ ಸಭೆ ಹುಟ್ಟುತ್ತದೆ. ಎಲ್ಲಿ ಸಭೆ ಹುಟ್ಟುವುದೋ ಅಲ್ಲಿ ಅದನ್ನು ನಡೆಯಿಸುವವನೊಬ್ಬನು ಬೇಕಾಗುತ್ತಾನೆ. ಸಹಕಾರ ಸಂಘದ ವಾರ್ಷಿಕ ಸಭೆಯಿರಲಿ, ವ್ಯಾಪಾರ ಕಂಪನಿಯ ಪಾಲುದಾರರ ಸಭೆಯಿರಲಿ, ಶಾಲೆಯ ವಿದ್ಯಾರ್ಥಿ ಸಂಘವಿರಲಿ, ಗಡಿನಾಡಿನ ಕನ್ನಡ ಸಂಘದ ಕಾರ್ಯಕಾರೀ ಸಮಿತಿಯಿರಲಿ, ಮೊದಲು ಕೇಳಿಬರುವ ಪ್ರಶ್ನೆ ಅಧ್ಯಕ್ಷರು ಯಾರು ಎಂಬುದೇ. ಆ ಪ್ರಶ್ನೆಗೆ ಉತ್ತರ ದೊರೆತು, ಹೂಮಾಲೆ ಅರ್ಪಿತವಾಗಿ, ಕುರ್ಚಿ ತುಂಬಿದೊಡನೆ ನಮ್ಮ ಕುತೂಹಲವೂ ತೀರಿಬಿಡುತ್ತದೆ. ಆ ಕುರ್ಚಿಯಲ್ಲಿ ಕುಳಿತವನು ಏನನ್ನು ಮಾಡತಕ್ಕದ್ದು, ಏನನ್ನು ಮಾಡತಕ್ಕದ್ದಲ್ಲ, ಅವನ ಅಧಿಕಾರವು ಎಲ್ಲಿಂದ ಬಂದುದು ಎಂಬುದನ್ನು ವಿಚಾರಿಸುವವರು ವಿರಳ. ಶಿಕ್ಷಕರಾದ ನಾವೂ ನಮ್ಮ ವಿದ್ಯಾರ್ಥಿಗಳೂ ಈ ಪೀಠದ ಇತಿಹಾಸವನ್ನು ತುಸುವಾದರೂ ಅರಿತುಕೊಳ್ಳುವುದು ಅವಶ್ಯವೆಂದು ತೋರುತ್ತದೆ.

ಮೊದಲು ಶಬ್ದವನ್ನೇ ನೋಡೋಣ. ಅಧ್ಯಕ್ಷ ಎಂಬುದು ಪ್ರಾಚೀನವಾದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣಕ್ಕೆ ಅಧ್ಯಕ್ಷಪ್ರಚಾರವೆಂದೇ ಹೆಸರು. ಅಲ್ಲಿ ವ್ಯಾಪಾರದ ಸರಕುಗಳಿಗೆ ಪಣ್ಯಾಧ್ಯಕ್ಷ, ಸುಂಕಕ್ಕೆ ಶುಲ್ಕಾಧ್ಯಕ್ಷ, ಬೇಸಾಯಕ್ಕೆ ಸೀತಾಧ್ಯಕ್ಷ ಎಂದು ಒಂದೊಂದು ಕಾರ್ಯಕ್ಕೆ ಒಬ್ಬೊಬ್ಬ ಅಧ್ಯಕ್ಷನನ್ನು ಹೇಳಿದೆ. ಅವರೆಲ್ಲರೂ ಮೇಲ್ವಿಚಾರಕರು, ಅಂದರೆ ಒಪ್ಪಿಸಿದ ಕಾರ್ಯದ ಮೇಲೆ ಕಣ್ಣಿಟ್ಟಿರತಕ್ಕವರು. ಸರಕು ಪಣ್ಯಾಧ್ಯಕ್ಷನ ಸ್ವಂತದ್ದಲ್ಲ, ಹೊಲವು ಸೀತಾಧ್ಯಕ್ಷನ ಸ್ವಂತದ್ದಲ್ಲ. ಹಾಗೆಯೇ ಸಭೆಯು ಸಭಾಧ್ಯಕ್ಷನ ಸ್ವಂತದ್ದಲ್ಲವೆಂಬುದು ಈ ಶಬ್ದದಿಂದಲೇ ನಮಗೆ ದೊರೆಯುವ ಮೊದಲ ಪಾಠ.

ಕಣ್ಣಿಡುವವನು ಎಂತಹವನಾಗಿರಬೇಕು ಎಂಬುದನ್ನು ಬೌದ್ಧರ ವಿನಯಪಿಟಕವು ಬಹು ಸ್ಪಷ್ಟವಾಗಿ ತಿಳಿಸಿದೆ. ಭಿಕ್ಷು ಸಂಘದ ಕಾರ್ಯಗಳು ನಿಯಮಬದ್ಧವಾಗಿ ನಡೆಯುತ್ತಿದ್ದವು. ಸಮರ್ಥನಾದ ಒಬ್ಬ ಭಿಕ್ಷುವು ವಿಷಯವನ್ನು ಸಂಘದ ಮುಂದೆ ಇಡಬೇಕು. ಇದಕ್ಕೆ ಞತ್ತಿ, ಅಂದರೆ ಜ್ಞಾಪನೆ, ಎಂದು ಹೆಸರು. ಅನಂತರ ಠರಾವನ್ನು ಒಮ್ಮೆ, ಮಹತ್ವದ ವಿಷಯವಾದರೆ ಮೂರು ಬಾರಿ, ಓದಬೇಕು. ಒಪ್ಪುವವರು ಮೌನವಾಗಿರಬೇಕು, ಒಪ್ಪದವರು ಮಾತನಾಡಬೇಕು. ಭಿನ್ನಾಭಿಪ್ರಾಯವು ಬಗೆಹರಿಯದಿದ್ದರೆ ಶಲಾಕೆಗಳನ್ನು, ಅಂದರೆ ಮತದ ಕಡ್ಡಿಗಳನ್ನು, ಹಂಚಿ ಬಹುಮತವನ್ನು ತಿಳಿಯುತ್ತಿದ್ದರು. ಆ ಕಡ್ಡಿಗಳನ್ನು ಕೂಡಿಸತಕ್ಕವನಿಗೆ ಐದು ಗುಣಗಳು ಇರಬೇಕು. ಅವನು ಒಲವಿಗೆ ಸಿಕ್ಕಬಾರದು, ದ್ವೇಷಕ್ಕೆ ಸಿಕ್ಕಬಾರದು, ಮೋಹಕ್ಕೆ ಸಿಕ್ಕಬಾರದು, ಭಯಕ್ಕೆ ಸಿಕ್ಕಬಾರದು. ಯಾವುದು ಸ್ವೀಕೃತವಾಯಿತು, ಯಾವುದು ಆಗಲಿಲ್ಲ ಎಂಬುದು ಅವನಿಗೆ ತಿಳಿದಿರಬೇಕು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಐದು ಲಕ್ಷಣಗಳಿಗೆ ಇಂದಿನ ಯಾವ ಸಭಾಶಾಸ್ತ್ರವೂ ಆರನೆಯದನ್ನು ಸುಲಭವಾಗಿ ಸೇರಿಸಲಾರದು.

ಅದೇ ವಿನಯದಲ್ಲಿ ಗಡಿನಾಡಿನವರಾದ ನಾವು ವಿಶೇಷವಾಗಿ ಗಮನಿಸತಕ್ಕ ಒಂದು ಸಂಗತಿಯಿದೆ. ಹೊಸಬನಿಗೆ ಉಪಸಂಪದೆಯನ್ನು ಕೊಡಲು ಮಧ್ಯದೇಶದಲ್ಲಿ ಹತ್ತು ಮಂದಿ ಭಿಕ್ಷುಗಳು ಸೇರಿರಬೇಕೆಂಬ ಕಟ್ಟಳೆಯಿತ್ತು. ದೂರದ ಅವಂತಿ ದೇಶದಲ್ಲಿ ಅಷ್ಟು ಮಂದಿ ಸಿಕ್ಕುವುದು ಕಷ್ಟವೆಂಬ ಬಿನ್ನಹವು ಬಂದಾಗ ಪ್ರತ್ಯಂತ ಜನಪದಗಳಲ್ಲಿ, ಅಂದರೆ ಗಡಿಸೀಮೆಗಳಲ್ಲಿ, ಐದು ಮಂದಿ ಇದ್ದರೆ ಸಾಕೆಂದು ಅನುಮತಿ ದೊರೆಯಿತು. ಆದರೆ ಆ ಐವರಲ್ಲಿ ಒಬ್ಬನು ವಿನಯಧರನಾಗಿರಬೇಕು, ಎಂದರೆ ನಿಯಮಗಳನ್ನು ಬಲ್ಲವನಾಗಿರಬೇಕು, ಎಂದು ವಿಧಿಸಲಾಯಿತು. ಸಂಖ್ಯೆಯಲ್ಲಿ ವಿನಾಯಿತಿ ಉಂಟು, ನಿಯಮಜ್ಞಾನದಲ್ಲಿ ವಿನಾಯಿತಿ ಇಲ್ಲ ಎಂಬ ಈ ವಿವೇಕವನ್ನು ಮುಂದೆ ಮತ್ತೊಮ್ಮೆ ನೆನೆಯೋಣ.

ದಕ್ಷಿಣ ದೇಶಕ್ಕೆ ಬಂದರೆ ಕಾಂಚೀಪುರದ ಸಮೀಪದ ಉತ್ತರಮೇರೂರಿನ ಶಾಸನಗಳು ಪ್ರಸಿದ್ಧವಾಗಿವೆ. ಚೋಳರಾಜನಾದ ಒಂದನೆಯ ಪರಾಂತಕನ ೧೨ನೆಯ ಮತ್ತು ೧೪ನೆಯ ಆಳ್ವಿಕೆಯ ವರ್ಷಗಳಲ್ಲಿ, ಎಂದರೆ ಕ್ರಿ. ಶ. ೯೧೯ ಮತ್ತು ೯೨೧ರಲ್ಲಿ, ಆ ಊರಿನ ಮಹಾಸಭೆಯು ತನ್ನ ಸಮಿತಿಗಳ ಆಯ್ಕೆಗೆ ಕಟ್ಟಳೆಗಳನ್ನು ಮಾಡಿ ಕಲ್ಲಿನಲ್ಲಿ ಕೆತ್ತಿಸಿತು. ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದೊಳಗೆ ಹಾಕುವುದು. ಏನನ್ನೂ ಅರಿಯದ ಬಾಲಕನೊಬ್ಬನಿಂದ ಒಂದೊಂದನ್ನು ತೆಗೆಯಿಸುವುದು. ಅದನ್ನು ಮಧ್ಯಸ್ಥನು ಓದಿ ಹೇಳುವುದು. ಆ ಮಧ್ಯಸ್ಥನು ಓಲೆಯನ್ನು ತೆಗೆದುಕೊಳ್ಳುವಾಗ ಐದು ಬೆರಳುಗಳನ್ನೂ ಅಗಲಿಸಿ ಅಂಗೈಯನ್ನು ಬಿಚ್ಚಿ ಹಿಡಿದಿರಬೇಕೆಂದು ಶಾಸನವು ವಿಧಿಸುತ್ತದೆ. ಅವನು ಓದಿದ ಮೇಲೆ ಅಲ್ಲಿದ್ದ ಅರ್ಚಕರೆಲ್ಲರೂ ಅದನ್ನೇ ಓದಬೇಕು. ಮಧ್ಯಸ್ಥನು ಪ್ರಾಮಾಣಿಕನಾಗಿದ್ದರೆ ಸಾಲದು, ಅವನ ಕೈಯಲ್ಲಿ ಬೇರೆ ಓಲೆಯಿಲ್ಲವೆಂಬುದು ಎಲ್ಲರ ಕಣ್ಣಿಗೂ ಕಾಣಿಸಬೇಕು. ಸಮಿತಿಯಲ್ಲಿದ್ದು ಲೆಕ್ಕವನ್ನು ಒಪ್ಪಿಸದವರೂ ಅವರ ಹತ್ತಿರದ ಬಂಧುಗಳೂ ಮತ್ತೆ ಆಯ್ಕೆಯಾಗಲು ಅನರ್ಹರೆಂಬುದೂ ಅಲ್ಲಿಯೇ ಇದೆ. ಈ ಪದ್ಧತಿಗೆ ಮಿತಿಗಳಿದ್ದವು. ಭೂಮಿ, ಸ್ವಂತ ಮನೆ, ವಿದ್ಯೆ ಇವು ಇದ್ದವರಿಗೆ ಮಾತ್ರ ಅದು ತೆರೆದಿತ್ತು. ಆದರೂ ಬಿಚ್ಚಿದ ಅಂಗೈಯ ಆ ಚಿತ್ರವನ್ನು ಸಭೆಯನ್ನು ನಡೆಯಿಸುವವರೆಲ್ಲರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು.

ನಮ್ಮ ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಗೋಷ್ಠಿಯನ್ನು ಯಾರೂ ಮರೆಯುವಂತಿಲ್ಲ. ಮುಂದಿನ ಕಾಲದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಗಳು ಅಲ್ಲಮಪ್ರಭುವನ್ನು ಶೂನ್ಯಸಿಂಹಾಸನದ ಅಧಿಪತಿಯೆಂದು ಚಿತ್ರಿಸುತ್ತವೆ. ಆ ಸಿಂಹಾಸನದ ಆಧ್ಯಾತ್ಮಿಕ ಅರ್ಥವನ್ನು ವಿವರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಆ ಪೀಠದ ಎದುರಿಗೆ ಸಿದ್ಧರಾಮನಂತಹ ಹಿರಿಯರೂ ಅಕ್ಕಮಹಾದೇವಿಯಂತಹ ತರುಣಿಯೂ ಪ್ರಶ್ನೆಗೆ ಉತ್ತರ ಕೊಟ್ಟು, ಮರುಪ್ರಶ್ನೆಗೆ ಮರು ಉತ್ತರ ಕೊಟ್ಟು ಮುಂದುವರಿದರೆಂಬ ಚಿತ್ರಣವು, ಪೀಠದ ಹಿರಿಮೆ ಇತರರ ಮಾತನ್ನು ಹೊರತರುವುದರಲ್ಲಿದೆ ಎಂಬ ಭಾವನೆ ಕನ್ನಡಿಗರಿಗೆ ಹೊಸತಲ್ಲವೆಂದು ತೋರಿಸುತ್ತದೆ.

ಇಂದು ನಮ್ಮ ಸಂಘ ಸಂಸ್ಥೆಗಳಲ್ಲಿ ಬಳಕೆಯಲ್ಲಿರುವ ಸಭಾಕ್ರಮವು ಬಹುಮಟ್ಟಿಗೆ ಇಂಗ್ಲೆಂಡಿನ ಪಾರ್ಲಿಮೆಂಟಿನಿಂದ ಇಳಿದುಬಂದುದು. ಅಲ್ಲಿನ ಕಾಮನ್ಸ್ ಸಭೆಯ ಅಧ್ಯಕ್ಷನಿಗೆ ಸ್ಪೀಕರ್, ಎಂದರೆ ಮಾತನಾಡುವವನು, ಎಂದು ಹೆಸರು. ವಿಚಿತ್ರವೆಂದರೆ ಸಭೆಯೊಳಗೆ ಎಲ್ಲರಿಗಿಂತ ಕಡಿಮೆ ಮಾತನಾಡುವವನು ಅವನೇ. ಸಭೆಯ ಮಾತನ್ನು ರಾಜನ ಮುಂದೆ ಹೇಳತಕ್ಕವನಾದುದರಿಂದ ಅವನಿಗೆ ಆ ಹೆಸರು ಬಂದಿತು. ೧೩೭೬ರಲ್ಲಿ ಪೀಟರ್ ಡಿ ಲಾ ಮೇರ್ ಎಂಬವನು ಈ ಕಾರ್ಯವನ್ನು ಧೈರ್ಯದಿಂದ ಮಾಡಿ ಸೆರೆಮನೆಯನ್ನು ಕಂಡನು. ೧೩೭೭ರಲ್ಲಿ ಥಾಮಸ್ ಹಂಗರ್‌ಫರ್ಡ್ ಎಂಬವನು ಮೊತ್ತಮೊದಲು ಸ್ಪೀಕರ್ ಎಂಬ ಹೆಸರಿನಿಂದ ದಾಖಲೆಯಾದನು. ಹೊಸ ಸ್ಪೀಕರನನ್ನು ಇಬ್ಬರು ಸದಸ್ಯರು ಕೈಹಿಡಿದು, ಅವನು ಒಲ್ಲೆನೆಂಬಂತೆ ನಟಿಸುತ್ತಿರಲು, ಪೀಠಕ್ಕೆ ಎಳೆದೊಯ್ಯುವ ಸಂಪ್ರದಾಯವು ಅಲ್ಲಿ ಇಂದಿಗೂ ಇದೆ. ಪೀಠವು ಭೋಗದ ಸ್ಥಾನವಲ್ಲ, ಅಪಾಯದ ಸ್ಥಾನವೆಂಬ ಹಳೆಯ ನೆನಪು ಆ ನಗೆಯಾಟದಲ್ಲಿ ಅಡಗಿದೆ.

ಈ ಪೀಠದ ಇತಿಹಾಸದಲ್ಲಿ ೧೬೪೨ನೆಯ ಇಸವಿಯ ಜನವರಿ ೪ನೆಯ ದಿನವು ಚಿರಸ್ಮರಣೀಯವಾದುದು. ಅಂದು ಒಂದನೆಯ ಚಾರ್ಲ್ಸ್ ದೊರೆಯು ಐವರು ಸದಸ್ಯರನ್ನು ಹಿಡಿಯಲು ಆಯುಧಪಾಣಿಗಳೊಡನೆ ಬಂದು ಕಾಮನ್ಸ್ ಸಭೆಯನ್ನು ಪ್ರವೇಶಿಸಿದನು. ಆ ಐವರು ಮುಂಚೆಯೇ ಹೊರಟುಹೋಗಿದ್ದರು. ಅವರು ಎಲ್ಲಿರುವರೆಂದು ದೊರೆಯು ಸ್ಪೀಕರ್ ವಿಲಿಯಂ ಲೆಂಥಾಲನನ್ನು ಕೇಳಲು, ಅವನು ಮೊಣಕಾಲೂರಿ, ಸಭೆಯು ನಿರ್ದೇಶಿಸಿದ ಹೊರತು ಈ ಸ್ಥಳದಲ್ಲಿ ತನಗೆ ನೋಡುವ ಕಣ್ಣೂ ಇಲ್ಲ, ನುಡಿಯುವ ನಾಲಗೆಯೂ ಇಲ್ಲ ಎಂಬ ಅರ್ಥದ ಉತ್ತರವನ್ನು ಕೊಟ್ಟನು. ಲೆಂಥಾಲನು ಮಹಾವೀರನೆಂದು ಹೆಸರಾದವನಲ್ಲ. ಆದರೂ ಸಾಮಾನ್ಯ ಮನುಷ್ಯನೊಬ್ಬನು ತನ್ನ ಸ್ಥಾನದ ಧರ್ಮವನ್ನು ಸರಿಯಾಗಿ ಅರಿತಿದ್ದರೆ ರಾಜನೆದುರಿಗೂ ನಿಲ್ಲಬಲ್ಲನೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕಲಾರದು. ಕಣ್ಣಿಡತಕ್ಕವನು ಅಧ್ಯಕ್ಷನೆಂದು ನಾವು ಮೇಲೆ ಹೇಳಿದೆವು. ಆ ಕಣ್ಣು ಸಭೆಯ ಕಣ್ಣು ಎಂಬುದನ್ನು ಲೆಂಥಾಲನು ಸೇರಿಸಿದನು.

ಇನ್ನು ವ್ಯವಹಾರದ ಸಭೆಗಳ ವಿಷಯ. ೧೬೦೦ನೆಯ ಇಸವಿಯ ಕೊನೆಯಲ್ಲಿ ಸ್ಥಾಪಿತವಾದ ಈಸ್ಟ್ ಇಂಡಿಯಾ ಕಂಪನಿಗೆ ಥಾಮಸ್ ಸ್ಮಿತ್ ಎಂಬವನು ಮೊದಲ ಗವರ್ನರನಾಗಿದ್ದನು; ಅವನ ಜೊತೆಗೆ ೨೪ ಮಂದಿಯ ಆಡಳಿತ ಮಂಡಲಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೂಡುಬಂಡವಾಳದ ಕಂಪನಿಗಳು ಹೆಚ್ಚಿ, ೧೮೪೪ರಲ್ಲಿ ಇಂಗ್ಲೆಂಡಿನಲ್ಲಿ ಅವುಗಳ ನೋಂದಣಿಗೆ ಕಾನೂನು ಬಂದಿತು. ಪರಸ್ಪರ ಮುಖಪರಿಚಯವಿಲ್ಲದ ನೂರಾರು ಪಾಲುದಾರರು ಹಣದ ವಿಷಯವಾಗಿ ಒಂದೆಡೆ ಸೇರತೊಡಗಿದಾಗ ಅಧ್ಯಕ್ಷನ ಅಧಿಕಾರವೆಷ್ಟು ಎಂಬ ಪ್ರಶ್ನೆಯು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿತು. ನ್ಯಾಷನಲ್ ಡ್ವೆಲಿಂಗ್ಸ್ ಸೊಸೈಟಿ ಎಂಬ ಸಂಸ್ಥೆಯ ಸಭೆಯಲ್ಲಿ ಅಧ್ಯಕ್ಷನು, ಕಾರ್ಯಗಳು ಮುಗಿಯುವ ಮುನ್ನವೇ ಸಭೆ ವಿಸರ್ಜಿತವಾಯಿತೆಂದು ಸಾರಿ ಎದ್ದುಹೋದನು. ಉಳಿದ ಸದಸ್ಯರು ಬೇರೊಬ್ಬನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡು ಸಭೆಯನ್ನು ಮುಂದುವರಿಸಿದರು. ೧೮೯೪ರಲ್ಲಿ ನ್ಯಾಯಾಧೀಶ ಚಿಟ್ಟಿಯು ಕೊಟ್ಟ ತೀರ್ಪಿನ ಸಾರವಿಷ್ಟು: ಸಭೆಯ ಶಿಸ್ತನ್ನು ಕಾಯುವುದೂ ಕಾರ್ಯವು ಕ್ರಮವಾಗಿ ನಡೆಯುವಂತೆ ನೋಡುವುದೂ ಅಧ್ಯಕ್ಷನ ಕರ್ತವ್ಯ, ತನ್ನ ಇಷ್ಟಬಂದಂತೆ ಸಭೆಯನ್ನು ಮುಗಿಸುವುದು ಅವನ ಅಧಿಕಾರಕ್ಕೆ ಸೇರಿದುದಲ್ಲ, ಹಾಗೆ ಅವನು ಎದ್ದುಹೋದರೆ ಸಭೆಯು ಬೇರೊಬ್ಬನನ್ನು ಆರಿಸಿಕೊಂಡು ತಾನು ಸೇರಿದ ಕಾರ್ಯವನ್ನು ಪೂರೈಸಬಹುದು. ಸಿಟ್ಟಿನಿಂದ ಕುರ್ಚಿಯನ್ನು ತಳ್ಳಿ ಎದ್ದುಹೋಗುವ ಅಧ್ಯಕ್ಷರನ್ನು ಕಂಡವರೆಲ್ಲರಿಗೂ ಈ ತೀರ್ಪು ಧೈರ್ಯವನ್ನು ಕೊಡತಕ್ಕುದು.

ಅಮೆರಿಕದಲ್ಲಿ ಇದೇ ವಿಷಯಕ್ಕೆ ಒಬ್ಬ ಸೈನಿಕ ಎಂಜಿನಿಯರನು ಗ್ರಂಥರೂಪವನ್ನು ಕೊಟ್ಟನು. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಆತನನ್ನು ೧೮೬೩ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಸಭೆಯೊಂದಕ್ಕೆ ಅಧ್ಯಕ್ಷನಾಗೆಂದು ಇದ್ದಕ್ಕಿದ್ದಂತೆ ಕೇಳಿಕೊಂಡರು. ಸಭೆಯ ನಿಯಮಗಳು ಅವನಿಗೆ ತಿಳಿದಿರಲಿಲ್ಲ. ಸಭೆ ಗದ್ದಲದಲ್ಲಿ ಮುಳುಗಿತು. ನಿಯಮಗಳನ್ನು ಅರಿಯದೆ ಇನ್ನೊಂದು ಸಭೆಗೆ ಹೋಗಲಾರೆನೆಂದು ನಿಶ್ಚಯಿಸಿದ ಆತನು ಹದಿಮೂರು ವರ್ಷಗಳ ಬಳಿಕ, ೧೮೭೬ರಲ್ಲಿ, ಸಾಮಾನ್ಯ ಸಂಘ ಸಂಸ್ಥೆಗಳಿಗೆ ಉಪಯುಕ್ತವಾದ ಸಭಾನಿಯಮಗಳ ಕೈಪಿಡಿಯೊಂದನ್ನು ತನ್ನದೇ ಖರ್ಚಿನಲ್ಲಿ ೪,೦೦೦ ಪ್ರತಿ ಅಚ್ಚುಹಾಕಿಸಿದನು. ಅದರ ಪರಿಷ್ಕೃತ ಆವೃತ್ತಿಗಳು ಇಂದಿಗೂ ಬಳಕೆಯಲ್ಲಿವೆ. ಸೇತುವೆ ಕೋಟೆಗಳನ್ನು ಕಟ್ಟುವವನಿಗೆ ಸಭೆಯೂ ಒಂದು ಕಟ್ಟಡವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಕನ್ನಡದ ಹಳ್ಳಿಗಳೂ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ೧೯೦೪ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂದಿತು. ಮರುವರ್ಷವೇ, ೧೯೦೫ರಲ್ಲಿ, ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿತು. ಸಹಕಾರ ಸಂಘಕ್ಕೂ ಬಂಡವಾಳದ ಕಂಪನಿಗೂ ಇರುವ ಮುಖ್ಯ ವ್ಯತ್ಯಾಸವು ಮತದಾನದಲ್ಲಿದೆ. ಕಂಪನಿಯಲ್ಲಿ ಪಾಲು ಹೆಚ್ಚಿದಷ್ಟು ಮತವೂ ಹೆಚ್ಚು. ಸಹಕಾರ ಸಂಘದಲ್ಲಿ ಒಬ್ಬನಿಗೆ ಒಂದೇ ಮತವೆಂಬುದು ಮೂಲತತ್ತ್ವ. ಆದುದರಿಂದ ಇಲ್ಲಿನ ಅಧ್ಯಕ್ಷನ ಹೊಣೆ ಇನ್ನೂ ಹೆಚ್ಚಿನದು. ಸಾಲಕ್ಕೆ ಕೈಯೊಡ್ಡಿದ ಬಡ ರೈತನೂ ಠೇವಣಿಯಿಟ್ಟ ಸ್ಥಿತಿವಂತನೂ ಅವನ ಎದುರಿಗೆ ಒಂದೇ ಎತ್ತರದವರಾಗಿರಬೇಕು.

ಭಾರತದ ಅಧ್ಯಕ್ಷಪೀಠದ ಇತಿಹಾಸದಲ್ಲಿ ವಿಠ್ಠಲಭಾಯಿ ಪಟೇಲರ ಹೆಸರು ಮೊದಲ ಸಾಲಿನಲ್ಲಿ ನಿಲ್ಲತಕ್ಕದ್ದು. ಕೇಂದ್ರ ವಿಧಾನ ಸಭೆಯ ಮೊದಲ ಅಧ್ಯಕ್ಷನಾದ ಸರ್ ಫ್ರೆಡರಿಕ್ ವೈಟ್ ಸರಕಾರದಿಂದ ನೇಮಕವಾದವನು. ಅವನ ಅವಧಿ ಮುಗಿದಾಗ, ೧೯೨೫ರ ಆಗಸ್ಟ್ ೨೨ರಂದು, ಸಭೆಯು ಟಿ. ರಂಗಾಚಾರ್ಯರ ಎದುರಿಗೆ ೫೬ಕ್ಕೆ ೫೮ ಮತಗಳಿಂದ ವಿಠ್ಠಲಭಾಯಿಯವರನ್ನು ಆರಿಸಿತು. ಅವರು ಸ್ವರಾಜ್ಯ ಪಕ್ಷದ ಧುರೀಣರು. ಆದರೆ ಪೀಠವನ್ನೇರಿದೊಡನೆ ತಾವು ಇನ್ನು ಯಾವ ಪಕ್ಷದವರೂ ಅಲ್ಲವೆಂದು ಘೋಷಿಸಿದರು. ಎರಡೇ ಮತಗಳ ಅಂತರದಿಂದ ಗೆದ್ದವರು ಎರಡೂ ಪಕ್ಷಗಳ ಗೌರವವನ್ನು ಗಳಿಸಿದುದು ಆ ಮಾತನ್ನು ನಡೆಯಲ್ಲಿ ತೋರಿಸಿದುದರಿಂದಲೇ.

೧೯೨೮ರ ಸೆಪ್ಟೆಂಬರಿನಲ್ಲಿ ಸರಕಾರವು ತಂದ ಸಾರ್ವಜನಿಕ ಸುರಕ್ಷತಾ ಮಸೂದೆಯ ಮೇಲೆ ೬೧ಕ್ಕೆ ೬೧ರಂತೆ ಮತಗಳು ಸಮನಾದವು. ನಿರ್ಣಾಯಕ ಮತವು ಅಧ್ಯಕ್ಷರ ಕೈಗೆ ಬಂದಿತು. ಇಂತಹ ಅಸಾಧಾರಣ ಮಸೂದೆಯನ್ನು ಕಾನೂನು ಮಾಡಬಯಸುವವರು ಸಭೆಯ ಬಹುಮತವನ್ನು ತಾವೇ ಸಂಪಾದಿಸಬೇಕು, ಅಧ್ಯಕ್ಷನ ಮತದಿಂದ ಅದನ್ನು ಪಡೆಯಲಾಗದು ಎಂಬ ನಿಲುವಿನಿಂದ ಅವರು ಮಸೂದೆಗೆ ವಿರುದ್ಧವಾಗಿ ಮತ ಕೊಟ್ಟರು. ಇದು ಕೇವಲ ದೇಶಾಭಿಮಾನದ ಮತವಲ್ಲ. ಮತಗಳು ಸಮನಾದಾಗ ಅಧ್ಯಕ್ಷನು ಹೊಸದನ್ನು ತನ್ನ ಒಂದೇ ಕೈಯಿಂದ ತರಬಾರದು, ಇದ್ದುದನ್ನು ಇದ್ದಂತೆ ಬಿಡಬೇಕೆಂಬುದು ಪಾರ್ಲಿಮೆಂಟಿನ ಪುರಾತನ ಪದ್ಧತಿ. ಆಳುವವರ ನಿಯಮವನ್ನೇ ಹಿಡಿದು ಅವರು ಆಳುವವರನ್ನು ತಡೆದರು. ೧೯೨೯ರ ಏಪ್ರಿಲಿನಲ್ಲಿ ಅದೇ ಬಗೆಯ ಮಸೂದೆ ಮತ್ತೆ ಬಂದಾಗ, ಮೀರತ್ ಮೊಕದ್ದಮೆಯು ನ್ಯಾಯಾಲಯದ ಮುಂದಿರುವಾಗ ಈ ಚರ್ಚೆಯು ಸಲ್ಲದೆಂದು ಅವರು ತೀರ್ಪಿತ್ತರು. ವೈಸರಾಯನು ಸುಗ್ರೀವಾಜ್ಞೆಯ ಮೂಲಕ ತನ್ನ ಇಷ್ಟವನ್ನು ಸಾಧಿಸಿಕೊಂಡನೆಂಬುದು ನಿಜ. ಆದರೆ ಆ ಕಾರ್ಯಕ್ಕೆ ಸಭೆಯ ಮುದ್ರೆ ದೊರೆಯಲಿಲ್ಲ. ವಿಠ್ಠಲಭಾಯಿಯವರು ೧೯೩೦ರಲ್ಲಿ ಪೀಠಕ್ಕೆ ರಾಜೀನಾಮೆ ಕೊಟ್ಟರು.

ಸ್ವತಂತ್ರ ಭಾರತವು ಈ ಪರಂಪರೆಯನ್ನು ಸಂವಿಧಾನದಲ್ಲಿ ಕಟ್ಟಿಹಾಕಿದೆ. ಸಂವಿಧಾನ ಸಭೆಯು ೧೯೪೬ರ ಡಿಸೆಂಬರ್ ೯ರಂದು ಸಚ್ಚಿದಾನಂದ ಸಿನ್ಹರ ತಾತ್ಕಾಲಿಕ ಅಧ್ಯಕ್ಷತೆಯಲ್ಲಿ ಸೇರಿ, ೧೧ರಂದು ಬಾಬು ರಾಜೇಂದ್ರ ಪ್ರಸಾದರನ್ನು ಶಾಶ್ವತ ಅಧ್ಯಕ್ಷರನ್ನಾಗಿ ಆರಿಸಿತು. ಆ ಸಭೆಯು ರಚಿಸಿದ ಸಂವಿಧಾನದ ೧೦೦ನೆಯ ಅನುಚ್ಛೇದದಂತೆ ಲೋಕಸಭೆಯ ಸ್ಪೀಕರರು ಮೊದಲಲ್ಲಿ ಮತ ಹಾಕುವಂತಿಲ್ಲ. ಮತಗಳು ಸಮನಾದಾಗ ಮಾತ್ರ ನಿರ್ಣಾಯಕ ಮತವನ್ನು ಕೊಡಬೇಕು. ೯೬ನೆಯ ಅನುಚ್ಛೇದದಂತೆ ಸ್ಪೀಕರರನ್ನು ತೆಗೆಯುವ ಠರಾವು ಚರ್ಚೆಯಲ್ಲಿರುವಾಗ ಅವರೇ ಅಧ್ಯಕ್ಷತೆ ವಹಿಸಕೂಡದು. ೧೯೫೪ರ ಡಿಸೆಂಬರಿನಲ್ಲಿ ಮೊದಲ ಸ್ಪೀಕರರಾದ ಮಾವಳಂಕರರ ಮೇಲೆಯೇ ಅಂತಹ ಠರಾವು ಬಂದಾಗ ಅವರು ಪೀಠದಿಂದ ಸರಿದಿದ್ದರು, ಠರಾವು ಬಿದ್ದುಹೋಯಿತು. ತನ್ನ ಮೇಲಿನ ದೂರಿಗೆ ತಾನೇ ನ್ಯಾಯಾಧೀಶನಾಗಬಾರದೆಂಬ ನಿಯಮವು ಹಳ್ಳಿಯ ಸಂಘಕ್ಕೂ ಅಷ್ಟೇ ಸಲ್ಲುತ್ತದೆ.

ಈ ಪೀಠಗಳಲ್ಲಿ ಕನ್ನಡಿಗರೂ ಕುಳಿತು ಗೌರವ ತಂದಿದ್ದಾರೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದು ೧೯೭೩ರಲ್ಲಿ ರಾಜೀನಾಮೆಯಿತ್ತ ಕೆ. ಎಸ್. ಹೆಗ್ಡೆಯವರು ೧೯೭೭ರಿಂದ ೧೯೮೦ರವರೆಗೆ ಲೋಕಸಭೆಯ ಸ್ಪೀಕರರಾಗಿದ್ದರು. ಅವರು ದಕ್ಷಿಣ ಕನ್ನಡದವರು. ೧೯೫೬ಕ್ಕೆ ಮುನ್ನ ಕಾಸರಗೋಡೂ ಸೇರಿದ್ದ ಜಿಲ್ಲೆಯದು. ನೀಲಗಿರಿ ಮತ್ತು ವಯನಾಡುಗಳಿಗೆ ತಗಲಿಕೊಂಡಿರುವ ಗುಂಡ್ಲುಪೇಟೆಯಿಂದ ಆರಿಸಿಬಂದ ಕೆ. ಎಸ್. ನಾಗರತ್ನಮ್ಮನವರು ೧೯೭೨ರಿಂದ ೧೯೭೮ರವರೆಗೆ ಕರ್ನಾಟಕ ವಿಧಾನಸಭೆಯ ಪ್ರಥಮ ಮಹಿಳಾ ಅಧ್ಯಕ್ಷರಾಗಿದ್ದರು. ನಮ್ಮ ಶಾಲೆಗಳ ಹುಡುಗಿಯರಿಗೆ ಈ ಹೆಸರನ್ನು ಕಲಿಸುವುದು ಒಳ್ಳೆಯದು.

ಇಷ್ಟು ಇತಿಹಾಸದಿಂದ ಅಧ್ಯಕ್ಷನ ಕರ್ತವ್ಯಗಳನ್ನು ಕ್ರಮವಾಗಿ ಎಣಿಸಬಹುದು. ಸಭೆಯ ಸೂಚನೆಯು ಎಲ್ಲರಿಗೂ ಮುಂಚಿತವಾಗಿ ಮುಟ್ಟಿದೆಯೇ ಎಂದು ನೋಡುವುದು ಮೊದಲನೆಯದು. ಕೋರಂ ಇದೆಯೇ ಎಂದು ಎಣಿಸುವುದು ಎರಡನೆಯದು. ೨೦೧೩ರ ಕಂಪನಿಗಳ ಕಾನೂನಿನಂತೆ ಸಾವಿರದವರೆಗೆ ಸದಸ್ಯರುಳ್ಳ ಸಾರ್ವಜನಿಕ ಕಂಪನಿಗೆ ಐದು ಮಂದಿ ಕೋರಂ. ಕಾರ್ಯಸೂಚಿಯನ್ನು ಬಿಟ್ಟು ಮಾತು ಅಲೆಯದಂತೆ ತಡೆಯುವುದು ಮೂರನೆಯದು. ಪರ ವಿರೋಧಗಳೆರಡಕ್ಕೂ ಸಮನಾದ ಅವಕಾಶವನ್ನು ಕೊಡುವುದು, ಅದರಲ್ಲಿಯೂ ಮೆಲುದನಿಯವರನ್ನು ಹುಡುಕಿ ಮಾತನಾಡಿಸುವುದು ನಾಲ್ಕನೆಯದು. ಚರ್ಚೆ ಸಾಕಾದಾಗ ಠರಾವನ್ನು ಎಲ್ಲರಿಗೂ ಕೇಳುವಂತೆ ಓದಿ, ಮತಕ್ಕೆ ಹಾಕಿ, ಫಲವನ್ನು ಸಾರುವುದು ಐದನೆಯದು. ನಡವಳಿಯು ಯಥಾರ್ಥವಾಗಿ ಬರೆಯಲ್ಪಟ್ಟಿದೆಯೆಂದು ನೋಡಿ ಸಹಿ ಹಾಕುವುದು ಆರನೆಯದು. ಮೇಲೆ ಹೇಳಿದ ಕಾನೂನು ಅದಕ್ಕೆ ಮೂವತ್ತು ದಿನಗಳ ಗಡುವನ್ನು ಇಟ್ಟಿದೆ.

ಚರ್ಚೆ ಯಾವಾಗ ಸಾಕು ಎಂಬುದೇ ಇವುಗಳಲ್ಲಿ ಕಠಿಣವಾದ ಪ್ರಶ್ನೆ. ೧೮೮೧ರಲ್ಲಿ ಐರಿಷ್ ಸದಸ್ಯರ ತಡೆಯಿಂದ ಕಾಮನ್ಸ್ ಸಭೆಯ ಒಂದು ಬೈಠಕು ೪೧ ಗಂಟೆಗಳ ಕಾಲ ಬೆಳೆಯಿತು. ಫೆಬ್ರವರಿ ೨ರ ಬೆಳಿಗ್ಗೆ ಸ್ಪೀಕರ್ ಬ್ರಾಂಡನು ಸ್ವಂತ ಹೊಣೆಯ ಮೇಲೆ ಚರ್ಚೆಯನ್ನು ನಿಲ್ಲಿಸಿ ಮತಕ್ಕೆ ಹಾಕಿದನು. ಮರುವರ್ಷ ಸಭೆಯು ಚರ್ಚೆಯನ್ನು ಮುಗಿಸಲು ನಿಯಮವನ್ನೇ ಮಾಡಿತು. ಒಬ್ಬನ ಸಾಹಸವು ನಿತ್ಯದ ಪದ್ಧತಿಯಾಗಬಾರದು, ಸಭೆಯೇ ನಿಯಮವನ್ನು ಮಾಡಿಕೊಳ್ಳಬೇಕೆಂಬ ವಿವೇಕವು ಇದರಲ್ಲಿದೆ. ನಮ್ಮ ಸಂಘಗಳೂ ಒಬ್ಬೊಬ್ಬರಿಗೆ ಇಷ್ಟು ನಿಮಿಷವೆಂದು ಮೊದಲೇ ಗೊತ್ತುಮಾಡಿಕೊಂಡರೆ ಅಧ್ಯಕ್ಷನಿಗೆ ನಿಷ್ಠುರವೂ ತಪ್ಪುತ್ತದೆ.

ಗಡಿನಾಡಿನವರಾದ ನಮಗೆ ಇದು ಕೇವಲ ಶಿಷ್ಟಾಚಾರದ ವಿಷಯವಲ್ಲ. ಕನ್ನಡ ಶಾಲೆಗೊಬ್ಬ ಶಿಕ್ಷಕರು ಬೇಕೆಂದು, ಕನ್ನಡದ ಪಠ್ಯಪುಸ್ತಕ ಸಕಾಲದಲ್ಲಿ ಬರಬೇಕೆಂದು, ಕಚೇರಿಯ ಅರ್ಜಿ ಕನ್ನಡದಲ್ಲಿಯೂ ಇರಬೇಕೆಂದು ನಾವು ಕೇಳುವುದು ಠರಾವುಗಳ ಮೂಲಕ. ಸೂಚನೆಯಿಲ್ಲದೆ ಸೇರಿದ, ಕೋರಂ ಇಲ್ಲದೆ ನಡೆದ, ನಡವಳಿಯಿಲ್ಲದ ಸಭೆಯ ಠರಾವನ್ನು ಯಾವ ಅಧಿಕಾರಿಯೂ ಬದಿಗೆ ಸರಿಸಬಲ್ಲನು. ಹಾಗೆ ಸರಿಸಿದರೆ ನಮಗೆ ಉತ್ತರವಿರುವುದಿಲ್ಲ. ಅದಕ್ಕಿಂತಲೂ ದೊಡ್ಡ ನಷ್ಟವೊಂದಿದೆ. ದೊಡ್ಡ ಊರಿನಲ್ಲಿ ಒಂದು ಸಂಘದಲ್ಲಿ ಮನಸ್ಸು ಮುರಿದವನು ಇನ್ನೊಂದನ್ನು ಸೇರುತ್ತಾನೆ. ನಮ್ಮಲ್ಲಿ ಇರುವುದೇ ಒಂದು ಸಂಘ. ತನ್ನ ಮಾತನ್ನು ಯಾರೂ ಕೇಳಲಿಲ್ಲವೆಂದು ಒಬ್ಬನು ಎದ್ದುಹೋದರೆ ಅವನೊಡನೆ ಒಂದು ಮನೆಯ ಕನ್ನಡವೇ ಸಭೆಯಿಂದ ಹೊರಟುಹೋಗಬಹುದು. ಅದನ್ನು ಉಳಿಸುವುದು ಬಹುಮಟ್ಟಿಗೆ ಅಧ್ಯಕ್ಷನ ತಾಳ್ಮೆಯ ಮೇಲೆ ನಿಂತಿದೆ.

ಆದುದರಿಂದ ನಮ್ಮ ಶಾಲೆಗಳ ವಿದ್ಯಾರ್ಥಿ ಸಂಘಗಳಲ್ಲಿ ಅಧ್ಯಕ್ಷಸ್ಥಾನವನ್ನು ತರಗತಿಯ ಮೊದಲಿಗನಿಗೆ ಬಹುಮಾನವಾಗಿ ಕೊಡುವ ವಾಡಿಕೆಯನ್ನು ಬಿಟ್ಟು, ಸರದಿಯಂತೆ ಎಲ್ಲರಿಗೂ ಅದನ್ನು ಒಪ್ಪಿಸೋಣ. ಒಂದು ಠರಾವನ್ನು ಮಂಡಿಸಿ, ಅನುಮೋದಿಸಿ, ತಿದ್ದುಪಡಿ ತಂದು, ಕೈಯೆತ್ತಿ ಎಣಿಸಿ, ನಡವಳಿ ಬರೆಯುವುದನ್ನು ಮಕ್ಕಳು ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೇ ಕಲಿಯಬಲ್ಲರು. ಪ್ರತ್ಯಂತ ಜನಪದದಲ್ಲಿ ಐದು ಮಂದಿಯಾದರೂ ಸಾಕು, ಆದರೆ ಅವರಲ್ಲಿ ಒಬ್ಬನು ನಿಯಮವನ್ನು ಬಲ್ಲವನಾಗಿರಬೇಕೆಂದು ಹಿಂದಿನವರು ವಿಧಿಸಿದರು. ಆ ಒಬ್ಬನನ್ನು, ಆ ಒಬ್ಬಳನ್ನು ಪ್ರತಿಯೊಂದು ಊರಿಗೂ ಸಿದ್ಧಮಾಡಿಕೊಡುವುದು ಶಿಕ್ಷಕರಾದ ನಮ್ಮ ಪಾಲಿಗೆ ಬಂದ ಕೆಲಸ.